ಕೂಲಿ ಮುಟ್ಟಿದ ಪುರಾವೆ ಇಲ್ಲದೆ ಗುತ್ತಿಗೆದಾರನ ಬಿಲ್ ಪಾಸ್ ಆಗಬೇಕೇ? – ಪರ ಮತ್ತು ವಿರೋಧ

ಸರ್ಕಾರಿ ಇಲಾಖೆಯೊಂದು ತನ್ನ ಕೆಲಸವನ್ನು ಗುತ್ತಿಗೆಗೆ ಕೊಟ್ಟಾಗ, ಗುತ್ತಿಗೆದಾರನು ತನ್ನ ಆಳುಗಳಿಗೆ ಕನಿಷ್ಠ ಕೂಲಿಯನ್ನೂ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿಯನ್ನೂ ಕೊಟ್ಟು, ಭವಿಷ್ಯನಿಧಿ ಮತ್ತು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವಂತಿಗೆ ಕಟ್ಟಿದ ಪುರಾವೆಯನ್ನು ಒಪ್ಪಿಸುವವರೆಗೆ ಅವನ ಬಿಲ್ಲನ್ನು ತಡೆಹಿಡಿಯಬೇಕೇ? ದಾವಣಗೆರೆ ಮತ್ತು ಚಿತ್ರದುರ್ಗದಲ್ಲಿ ಹಾಸ್ಟೆಲ್ ಅಡುಗೆಯವರಿಂದ ಹಿಡಿದು ಕಾಲುವೆ ತೋಡುವವರವರೆಗೆ ಹಲವರ ಪಗಾರ ಈ ಪ್ರಶ್ನೆಗೆ ತೂಗುಬಿದ್ದಿದೆ. ನಾನು ಹಲವು ವರ್ಷ ಗುತ್ತಿಗೆದಾರರ ಲೆಕ್ಕ ಬರೆದವನು. ಆಮೇಲೆ ಅಷ್ಟೇ ವರ್ಷ ಕೆಲಸಗಾರರ ಪರವಾಗಿ ಅರ್ಜಿ ಬರೆದವನು. ಎರಡೂ ಕಡೆಯ ವಾದಗಳು ಒಂದಲ್ಲ ಒಂದು ಕಾಲದಲ್ಲಿ ನನ್ನ ಲೇಖನಿಯಿಂದಲೇ ಹೊರಟಿರುವುದರಿಂದ, ಒಂದನ್ನು ಸೋಲಿಸಲೆಂದು ಇನ್ನೊಂದನ್ನು ಸೊರಗಿಸದೆ, ಎರಡನ್ನೂ ಇಲ್ಲಿ ಬೇರೆ ಬೇರೆಯಾಗಿ ಬರೆದಿದ್ದೇನೆ.

ಪರ

ರಸ್ತೆ ಕಾಮಗಾರಿಯ ಬಿಲ್ ಒಂದನ್ನು ಕೈಗೆತ್ತಿಕೊಂಡು ಅದರ ಕಡಿತಗಳ ಭಾಗವನ್ನು ಓದಿದರೆ ಈ ವಾದದ ಅರ್ಧ ಅಲ್ಲಿಯೇ ಸಿಗುತ್ತದೆ. ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಮುರಿದುಕೊಂಡಿರುತ್ತಾರೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು 1996ರ ಕಾಯ್ದೆ ಆರಂಭಿಸಿದ ಶೇ 1ರಷ್ಟು ಸೆಸ್ ಹೋಗಿರುತ್ತದೆ. ಜಲ್ಲಿ, ಮರಳು, ಗ್ರಾವೆಲ್‌ಗೆ ರಾಜಧನ (ಸರ್ಕಾರಕ್ಕೆ ಸಲ್ಲುವ ರಾಯಲ್ಟಿ) ಕಟ್ಟಿದ ಪರ್ಮಿಟ್ಟನ್ನು ಗುತ್ತಿಗೆದಾರ ಹಾಜರುಪಡಿಸದಿದ್ದರೆ ಆ ಮೊತ್ತವನ್ನೂ ಬಿಲ್ಲಿನಲ್ಲಿಯೇ ಹಿಡಿದಿರುತ್ತಾರೆ. ಎಷ್ಟು ಘನ ಮೀಟರ್ ಜಲ್ಲಿ ಯಾವ ಕ್ವಾರಿಯಿಂದ ಬಂತು ಎಂದು ಕೇಳಿ ಕಾಗದ ಪಡೆಯುವ ಇಲಾಖೆ, ಆ ಜಲ್ಲಿಯನ್ನು ಹಾಸಿದವರು ಯಾರು, ಅವರು ದಿನಕ್ಕೆ ಎಷ್ಟು ಗಂಟೆ ದುಡಿದರು, ಎಷ್ಟು ಕೂಲಿ ಮುಟ್ಟಿತು ಎಂದು ಕೇಳುವುದಿಲ್ಲ. ಕಲ್ಲಿಗೆ ಇರುವ ಕಾವಲು ಕೂಲಿಗೆ ಇಲ್ಲ. ಸರ್ಕಾರಕ್ಕೆ ಬರಬೇಕಾದ ಬಾಕಿಯನ್ನು ಬಿಲ್ಲಿನಿಂದ ವಸೂಲು ಮಾಡುವುದು ಆಡಳಿತಕ್ಕೆ ಸಾಧ್ಯವೆಂದಾದರೆ, ಆಳಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ಅದೇ ಮೇಜಿನ ಮೇಲೆ ನೋಡುವುದು ಹೇಗೆ ಅಸಾಧ್ಯವಾಗುತ್ತದೆ ಎಂಬುದಕ್ಕೆ ನನಗೆ ಇದುವರೆಗೆ ಉತ್ತರ ಸಿಕ್ಕಿಲ್ಲ.

ಇದು ಹೊಸ ಬೇಡಿಕೆಯೂ ಅಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ, ಕೂಲಿ ಬಟವಾಡೆಯ ವೇಳೆ ಮೂಲ ಮಾಲೀಕನ, ಅಂದರೆ ಇಲ್ಲಿ ಇಲಾಖೆಯ, ಪ್ರತಿನಿಧಿಯೊಬ್ಬ ಎದುರಿಗೆ ಇರಬೇಕೆಂದು ಹೇಳಿತ್ತು. 1971ರ ಕೇಂದ್ರ ನಿಯಮಾವಳಿಯ 73ನೇ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಷ್ಟು ಮೊತ್ತ ಇಂಥ ದಿನ ಇಂಥ ಸ್ಥಳದಲ್ಲಿ ನನ್ನ ಸಮಕ್ಷಮದಲ್ಲಿ ಕೆಲಸಗಾರನಿಗೆ ಪಾವತಿಯಾಯಿತು ಎಂದು ಆ ಪ್ರತಿನಿಧಿ ವೇತನ ಪುಸ್ತಕದ ಕೊನೆಗೆ ದೃಢೀಕರಿಸಬೇಕೆಂದು ಒಕ್ಕಣೆಯನ್ನೇ ಬರೆದುಕೊಟ್ಟಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು, ಗುತ್ತಿಗೆದಾರನ ಬಾಕಿಯಲ್ಲಿ ಅದನ್ನು ಮುರಿದುಕೊಳ್ಳಬೇಕೆಂಬುದೂ ಅದೇ ಕಲಮಿನಲ್ಲಿತ್ತು. ಅರ್ಧ ಶತಮಾನ ಆ ಮಾತು ಪುಸ್ತಕದಲ್ಲಿತ್ತು. ಆದರೆ ನಾನು ಕಂಡ ಕಚೇರಿಗಳಲ್ಲಿ ಬಟವಾಡೆಯ ಜಾಗಕ್ಕೆ ಅಧಿಕಾರಿ ಹೋಗುತ್ತಿರಲಿಲ್ಲ. ವೇತನ ಪುಸ್ತಕವೇ ಅಧಿಕಾರಿಯ ಬಳಿಗೆ ಬರುತ್ತಿತ್ತು, ಮೂರು ತಿಂಗಳ ಸಹಿಗಳು ಒಂದೇ ಮಧ್ಯಾಹ್ನ, ಒಂದೇ ಪೆನ್ನಿನಲ್ಲಿ ಬೀಳುತ್ತಿದ್ದವು. ಆ ಪುಸ್ತಕಗಳಲ್ಲಿ ಕೆಲವನ್ನು ಹೊತ್ತುಕೊಂಡು ಹೋದವನು ನಾನೇ ಆದ್ದರಿಂದ ಇದನ್ನು ಹೇಳುವ ಅಧಿಕಾರ ನನಗಿದೆ. ಕಾಯ್ದೆ ಹೇಳಿದ್ದನ್ನು ಬಿಲ್ಲಿಗೆ ಜೋಡಿಸದೆ ಬಿಟ್ಟದ್ದರಿಂದ ಅದು ಹೀಗೆ ಸಹಿಯ ಶಾಸ್ತ್ರವಾಗಿ ಉಳಿಯಿತು.

ಇಲಾಖೆ ತನಗೂ ಆಳಿಗೂ ಸಂಬಂಧವಿಲ್ಲ, ಅವನು ಗುತ್ತಿಗೆದಾರನ ಕಡೆಯವನು ಎಂದು ಕೈತೊಳೆದುಕೊಳ್ಳುವ ವಾದವನ್ನು ಸುಪ್ರೀಂ ಕೋರ್ಟ್ 1982ರಲ್ಲಿಯೇ ತಳ್ಳಿಹಾಕಿದೆ. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡಗಳೂ ಮೇಲ್ಸೇತುವೆಗಳೂ ಏಳುತ್ತಿದ್ದ ಕಾಲವದು. ಅಂದಿನ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರರೆಂಬ ಮಧ್ಯವರ್ತಿಗಳು ಅದರಲ್ಲಿ ತಲೆಗೆ ಒಂದು ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಆಗುತ್ತದೆಂದೂ, ಕೆಲಸ ಮಾಡಿಸಿಕೊಳ್ಳುತ್ತಿರುವ ಸರ್ಕಾರ ಮತ್ತು ಅದರ ಸಂಸ್ಥೆಗಳು ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಹೊಣೆಯಿಂದ ಜಾರಿಕೊಳ್ಳಲಾರವೆಂದೂ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ಹೇಳಿತು. ಆ ಒಂದು ರೂಪಾಯಿ ಈಗ ರೂಪ ಬದಲಿಸಿದೆ, ಅಷ್ಟೇ.

ಅದರ ಇಂದಿನ ರೂಪವನ್ನು ಲೆಕ್ಕದಲ್ಲಿಯೇ ನೋಡಬೇಕು. ಉದಾಹರಣೆಗೆ ಹಾಸ್ಟೆಲಿನ ಅಡುಗೆ ಸಹಾಯಕಿಯೊಬ್ಬಳ ತಿಂಗಳ ಕೂಲಿ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕಾನೂನಿನಂತೆ ಅವಳ ಪಾಲಿನ ಭವಿಷ್ಯನಿಧಿ ಶೇ 12, ಅಂದರೆ 1,800. ಇಎಸ್‌ಐ ಶೇ 0.75, ಅಂದರೆ 113. ಕೈಗೆ 13,087 ರೂಪಾಯಿ ಬರಬೇಕು. ಮಾಲೀಕನ ಪಾಲು, ಆಡಳಿತ ವೆಚ್ಚ ಮತ್ತು ವಿಮೆ ಸೇರಿ ಭವಿಷ್ಯನಿಧಿಗೆ ಶೇ 13, ಅಂದರೆ 1,950. ಇಎಸ್‌ಐಗೆ ಶೇ 3.25, ಅಂದರೆ 488. ಈ 2,438 ರೂಪಾಯಿಯನ್ನು ಇಲಾಖೆ ಗುತ್ತಿಗೆದಾರನಿಗೆ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕೊಟ್ಟಿರುತ್ತದೆ. ಅದನ್ನೂ ಅವಳ ಕೂಲಿಯಿಂದಲೇ ಹಿಡಿದರೆ ಅವಳ ಕೈಗೆ ಉಳಿಯುವುದು 10,649. ಇಂಥ ನಲವತ್ತು ಮಂದಿಯ ಗುತ್ತಿಗೆಯಲ್ಲಿ ತಿಂಗಳಿಗೆ ಸುಮಾರು 97,500 ರೂಪಾಯಿ ಯಾರ ಕಣ್ಣಿಗೂ ಬೀಳದೆ ಜಾಗ ಬದಲಿಸುತ್ತದೆ. ಅವಳನ್ನು ಕೇಳಿದರೆ, ಪಿಎಫ್ ಹಿಡೀತಾರೆ ಸರ್, ಅದಕ್ಕೇ ಕಡಿಮೆ ಎನ್ನುತ್ತಾಳೆ. ಎಷ್ಟು ಹಿಡಿಯಬೇಕೆಂದು ಅವಳಿಗೆ ಯಾರೂ ಹೇಳಿಲ್ಲ. ವೇತನ ಚೀಟಿ ಎಂಬುದನ್ನು ಅವಳು ನೋಡಿಯೂ ಇಲ್ಲ.

ಗಂಟೆಗಳ ಲೆಕ್ಕ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ಬರೆಯುವವರೇ ಇಲ್ಲ. ಮಕ್ಕಳಿಗೆ ಬೆಳಗಿನ ತಿಂಡಿ ಆಗಬೇಕಾದರೆ ಒಲೆ ಐದೂವರೆಗೆ ಹೊತ್ತಬೇಕು. ರಾತ್ರಿಯ ಪಾತ್ರೆ ತೊಳೆದು ಮುಗಿಯುವಾಗ ಒಂಬತ್ತು ದಾಟಿರುತ್ತದೆ. ನಡುವಿನ ಬಿಡುವನ್ನು ಉದಾರವಾಗಿ ಕಳೆದು, ದಿನಕ್ಕೆ ಎರಡೇ ಗಂಟೆ ಹೆಚ್ಚುವರಿ ಎಂದು ಹಿಡಿದರೂ, 26 ದಿನಕ್ಕೆ 52 ಗಂಟೆ. 15,000ವನ್ನು 26 ದಿನಕ್ಕೂ ದಿನಕ್ಕೆ 8 ಗಂಟೆಗೂ ಹಂಚಿ, ಕಾನೂನಿನಂತೆ ದುಪ್ಪಟ್ಟು ಮಾಡಿದರೆ ಆ 52 ಗಂಟೆಗಳ ಓಟಿ 7,500 ರೂಪಾಯಿ ಆಗುತ್ತದೆ, ಅಂದರೆ ಅರ್ಧ ತಿಂಗಳ ಸಂಬಳ. ಈ ಹಣವನ್ನು ಯಾರೂ ಕದ್ದಿದ್ದಾರೆಂದು ದೂರು ಬರುವುದಿಲ್ಲ, ಏಕೆಂದರೆ ಅದು ಇತ್ತೆಂದೇ ಯಾರಿಗೂ ಗೊತ್ತಿಲ್ಲ. ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಯದೆ ಬಿಲ್ ಮುಂದಕ್ಕೆ ಹೋಗುವುದಿಲ್ಲ ಎಂದಾದ ದಿನ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಅನ್ಯಾಯವಾದರೆ ಕಾರ್ಮಿಕ ಇಲಾಖೆಗೆ ದೂರು ಕೊಡಲಿ ಎಂಬ ಮಾತಿಗೆ ಅರ್ಥವಿಲ್ಲವೆಂದಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಕಡಿಮೆ ಕೊಟ್ಟ ಮೊತ್ತದ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವಿತ್ತು. ಅರ್ಜಿ ಹಾಕಲು ಆರು ತಿಂಗಳ ಗಡುವಿತ್ತು, ಆ ಕಾಯ್ದೆಯ ಜಾಗಕ್ಕೆ ಬಂದ ವೇತನ ಸಂಹಿತೆ ಅದನ್ನು ಮೂರು ವರ್ಷಕ್ಕೆ ವಿಸ್ತರಿಸಿದೆ. ಒಳ್ಳೆಯದೇ. ಆದರೆ ಮೊಳಕಾಲ್ಮುರಿನಿಂದ ಚಿತ್ರದುರ್ಗದ ಕಚೇರಿಗೆ ವಾಯಿದೆ ವಾಯಿದೆಗೂ ಬರಬೇಕಾದವಳು ಒಂದೊಂದು ಸಲಕ್ಕೂ ಒಂದು ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಕಳೆದುಕೊಳ್ಳುತ್ತಾಳೆ. ಅಷ್ಟರಲ್ಲಿ ಗುತ್ತಿಗೆಯ ಅವಧಿ ಮುಗಿದು ಬೇರೊಂದು ಏಜೆನ್ಸಿ ಬಂದಿರುತ್ತದೆ, ಬಂದವರ ಪಟ್ಟಿಯಲ್ಲಿ ದೂರು ಕೊಟ್ಟವಳ ಹೆಸರು ಇರುವುದಿಲ್ಲ. ದೂರು ಕೊಡುವ ಹೊರೆಯನ್ನು ಅವಳ ಮೇಲಿಂದ ತೆಗೆದು, ತೋರಿಸುವ ಹೊರೆಯನ್ನು ಹಣ ಪಡೆಯುವವನ ಮೇಲೆ ಹಾಕಬೇಕು ಎಂಬುದಷ್ಟೇ ನನ್ನ ವಾದ.

ಕಾನೂನು ಈಚೆಗೆ ಬದಲಾಗಿರುವ ರೀತಿಯೂ ಇದನ್ನು ತುರ್ತಾಗಿಸಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕನಿಷ್ಠ ವೇತನದ ಹಕ್ಕು ಪಟ್ಟಿಯಲ್ಲಿ ಸೇರಿದ ಉದ್ಯೋಗಗಳಿಗಷ್ಟೇ ಅಲ್ಲದೆ ಎಲ್ಲರಿಗೂ ಬಂತು, ಇದು ಲಾಭ. ಅದೇ ವೇಳೆ ಗುತ್ತಿಗೆ ಕಾರ್ಮಿಕರ ಕುರಿತ ನಿಬಂಧನೆಗಳು ಹಿಂದೆ 20 ಆಳುಗಳಿದ್ದ ಗುತ್ತಿಗೆಗೆ ಅನ್ವಯಿಸುತ್ತಿದ್ದವು. ಹೊಸ ಸಂಹಿತೆಯಲ್ಲಿ ಆ ಮಿತಿ 50 ಆಯಿತು. ನಮ್ಮ ತಾಲ್ಲೂಕು ಮಟ್ಟದಲ್ಲಿ ಹಾಸ್ಟೆಲ್, ಆಸ್ಪತ್ರೆ, ಕಚೇರಿ ಸ್ವಚ್ಛತೆ, ಕಾವಲು ಎಂದು ಹಂಚಿಹೋಗುವ ಗುತ್ತಿಗೆಗಳಲ್ಲಿ ಐವತ್ತು ಮಂದಿ ಇರುವುದೇ ಅಪರೂಪ. ಕಾಯ್ದೆ ಕೈಬಿಟ್ಟ ಈ ಜಾಗದಲ್ಲಿ ಟೆಂಡರಿನ ಷರತ್ತು ನಿಲ್ಲಬೇಕು. ಸರ್ಕಾರ ತಾನು ಕೊಳ್ಳುವ ಸೇವೆಗೆ ತಾನೇ ಷರತ್ತು ಹಾಕಲು ಯಾವ ತಿದ್ದುಪಡಿಯೂ ಬೇಕಿಲ್ಲ.

ಬೇರೆ ದೇಶದಲ್ಲಿ ಇದು ನಡೆದು ಬಂದಿದೆ. ಅಮೆರಿಕದಲ್ಲಿ 1931ರ ಡೇವಿಸ್–ಬೇಕನ್ ಕಾಯ್ದೆಯಡಿ, ಎರಡು ಸಾವಿರ ಡಾಲರ್ ಮೀರಿದ ಕೇಂದ್ರ ಸರ್ಕಾರಿ ಕಟ್ಟಡ ಕಾಮಗಾರಿಯಲ್ಲಿ ಆ ಪ್ರದೇಶದ ರೂಢಿಯ ಕೂಲಿಯನ್ನು ಕೊಡಲೇಬೇಕು. ಗುತ್ತಿಗೆದಾರ ವಾರ ವಾರವೂ ಯಾರಿಗೆ ಎಷ್ಟು ಗಂಟೆಗೆ ಎಷ್ಟು ಕೊಟ್ಟೆನೆಂದು ದೃಢೀಕರಿಸಿದ ಪಟ್ಟಿಯನ್ನು ಒಪ್ಪಿಸಬೇಕು. ಕಡಿಮೆ ಕೊಟ್ಟದ್ದು ಕಂಡುಬಂದರೆ ಅವನ ಹಣವನ್ನು ತಡೆದು ಕೆಲಸಗಾರರಿಗೆ ಹಂಚಬಹುದು, ಅವನನ್ನು ಮೂರು ವರ್ಷ ಸರ್ಕಾರಿ ಗುತ್ತಿಗೆಯಿಂದ ಹೊರಗಿಡಬಹುದು. ಅಲ್ಲಿಯೂ ಕಳ್ಳರಿದ್ದಾರೆ, ಆದರೆ ಅವರು ವಾರಕ್ಕೊಮ್ಮೆ ಬರೆದು ಸಹಿ ಹಾಕಿ ಸುಳ್ಳು ಹೇಳಬೇಕಾಗುತ್ತದೆ, ಆ ಸಹಿಯೇ ಮುಂದೆ ಸಾಕ್ಷಿಯಾಗುತ್ತದೆ.

ಬಿಲ್ ಬಂದ ಮೇಲಲ್ಲವೇ ಕೂಲಿ ಕೊಡುವುದು, ಬಿಲ್ಲಿಗೆ ಮೊದಲೇ ಪುರಾವೆ ಎಲ್ಲಿಂದ ತರುವುದು ಎಂದು ಗುತ್ತಿಗೆದಾರರು ಕೇಳುತ್ತಾರೆ. ಮೊದಲನೆಯದಾಗಿ, ಟೆಂಡರಿನಲ್ಲಿ ವಹಿವಾಟಿನ ದಾಖಲೆ ಕೇಳುವುದೇ ಆಳುಗಳಿಗೆ ಕೆಲವು ಕಾಲ ಕೈಯಿಂದ ಕೊಡುವ ತಾಕತ್ತು ಇದೆಯೇ ಎಂದು ನೋಡಲು. ಎರಡನೆಯದಾಗಿ, ತಿಂಗಳ ಕೂಲಿ ಮುಂದಿನ ತಿಂಗಳ 7ರೊಳಗೆ ಆಗಬೇಕು. ಭವಿಷ್ಯನಿಧಿ, ಇಎಸ್‌ಐ ಎರಡನ್ನೂ 15ರೊಳಗೆ ಕಟ್ಟಬೇಕು. ಆಗಸ್ಟ್ ತಿಂಗಳ ಬಿಲ್ಲಿಗೆ ಆಗಸ್ಟಿನ ಪುರಾವೆಯನ್ನು ಕೇಳುವ ಅಗತ್ಯವಿಲ್ಲ, ಜುಲೈ ತಿಂಗಳ ಬ್ಯಾಂಕ್ ಪಟ್ಟಿ ಮತ್ತು ಚಲನ್ ಸಾಕು. ಒಂದೇ ಒಂದು ತಿಂಗಳ ಹೊರೆಯನ್ನು ಗುತ್ತಿಗೆದಾರ ಹೊತ್ತರೆ ಉಳಿದದ್ದು ಸರದಿಯಂತೆ ನಡೆಯುತ್ತದೆ. ಚಲನ್ ಜೊತೆಗೆ ಹೆಸರು ಹೆಸರಿನ ಪಟ್ಟಿ ಇರಬೇಕು, ಬರೀ ಮೊತ್ತವಲ್ಲ. ಅದರ ಒಂದು ಪ್ರತಿಯನ್ನು ಕೆಲಸದ ಜಾಗದ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು. ತನ್ನ ಹೆಸರಿನ ಎದುರು ಎಷ್ಟು ಬರೆದಿದೆ ಎಂದು ಅವಳು ಓದಲಾರದಿದ್ದರೆ ಅವಳ ಮಗಳು ಓದಿ ಹೇಳುತ್ತಾಳೆ.

ವಿರೋಧ

ತಡೆಹಿಡಿಯುವುದೆಂದರೆ ಯಾರ ಹಣವನ್ನು? ಪರವಾಗಿ ವಾದಿಸುವವರು ಬಿಲ್ಲನ್ನು ಗುತ್ತಿಗೆದಾರನ ಲಾಭವೆಂಬಂತೆ ಮಾತಾಡುತ್ತಾರೆ. ಮಾನವ ಸಂಪನ್ಮೂಲ ಪೂರೈಕೆಯ ಗುತ್ತಿಗೆಯಲ್ಲಿ ಬಿಲ್ಲಿನ ಬಹುಪಾಲು ಕೂಲಿಯೇ. ಅದನ್ನು ತಡೆದರೆ ಮೊದಲು ಬತ್ತುವುದು ಕೂಲಿಯ ಕಾಲುವೆ.

ಮೇಲಿನ ನಲವತ್ತು ಮಂದಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ತಿಂಗಳ ಕೂಲಿ 6 ಲಕ್ಷ. ಮಾಲೀಕನ ಪಾಲಿನ ವಂತಿಗೆ 97,500. ಜಿಎಸ್‌ಟಿ ಬಿಟ್ಟು ಒಟ್ಟು 6,97,500 ರೂಪಾಯಿ. ಸೇವಾ ಶುಲ್ಕ ಶೇ 2 ಎಂದಾದರೆ ಗುತ್ತಿಗೆದಾರನಿಗೆ 13,950 ರೂಪಾಯಿ. ಇಲಾಖೆ ಈ ಬಿಲ್ಲನ್ನು ಮೂರು ತಿಂಗಳು ತಡವಾಗಿ ಕೊಟ್ಟಿತೆನ್ನಿ. ಬ್ಯಾಂಕಿನ ವರ್ಷಕ್ಕೆ ಶೇ 12ರ ದರದಲ್ಲಿಯೇ ಆ ಮೊತ್ತದ ಬಡ್ಡಿ 20,925 ರೂಪಾಯಿ. ಕೈಸಾಲದ ಬಡ್ಡಿಯ ಮಾತು ಬೇಡ. ಪ್ರಾಮಾಣಿಕವಾಗಿ 7ನೇ ತಾರೀಖಿಗೆ ಬಟವಾಡೆ ಮಾಡಿದವನು ಈ ಗುತ್ತಿಗೆಯಲ್ಲಿ ತಿಂಗಳಿಗೆ ಏಳು ಸಾವಿರ ಕಳೆದುಕೊಳ್ಳುತ್ತಾನೆ. ಹಾಗಿದ್ದೂ ಟೆಂಡರಿನಲ್ಲಿ ಸೇವಾ ಶುಲ್ಕವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿ ಕೂಗುವವರಿದ್ದಾರೆ, ಅತಿ ಕಡಿಮೆ ಕೂಗಿದವನನ್ನೇ ಇಲಾಖೆ ಆರಿಸುತ್ತದೆ. ಲಾಭವಿಲ್ಲದ ದರಕ್ಕೆ ಒಪ್ಪಿದವನು ತನ್ನ ಲಾಭವನ್ನು ಎಲ್ಲಿಂದ ತೆಗೆಯುತ್ತಾನೆಂದು ಟೆಂಡರ್ ತೆರೆದ ಮೇಜಿನ ಸುತ್ತ ಕುಳಿತವರಿಗೆಲ್ಲ ಗೊತ್ತಿರುತ್ತದೆ. ಕಳ್ಳತನದ ಬೀಜವನ್ನು ಅಲ್ಲಿ ಬಿತ್ತಿ, ಬಿಲ್ಲಿನ ಹೊತ್ತಿಗೆ ಕಳೆ ಕೀಳಲು ಹೊರಡುವುದು ನನಗೆ ಒಪ್ಪಿಗೆಯಿಲ್ಲ.

ತಡವಾಗುವುದು ಅಪವಾದವೇನಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಖಜಾನೆಯಲ್ಲಿ ಬಿಲ್ಲುಗಳು ಸಾಲುಗಟ್ಟುತ್ತವೆ. ಏಪ್ರಿಲ್ ಬಂದರೆ ಹೊಸ ವರ್ಷದ ಅನುದಾನ ಬಿಡುಗಡೆಯಾಗಿಲ್ಲ ಎಂಬ ಉತ್ತರ. ಅದೇ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಏರಿ ಕನಿಷ್ಠ ಕೂಲಿ ಹೆಚ್ಚಾಗುತ್ತದೆ. ಗುತ್ತಿಗೆದಾರ ಹೊಸ ದರದಲ್ಲಿ ಕೊಡಬೇಕು. ಇಲಾಖೆಯ ಕಾರ್ಯಾದೇಶದಲ್ಲಿ ಹಳೆಯ ದರವೇ ಇರುತ್ತದೆ, ವ್ಯತ್ಯಾಸಕ್ಕೆ ಮೇಲಧಿಕಾರಿಗಳ ಅನುಮೋದನೆ ಬರುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿರುತ್ತದೆ. ಕಾಮಗಾರಿಗಳ ಕಡೆ ನೋಡಿದರೂ ಅದೇ ಕಥೆ. ಚಿತ್ರದುರ್ಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ ಬರಪೀಡಿತ ತಾಲ್ಲೂಕುಗಳು ಕಾದು ಕುಳಿತಿರುವ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ಆಮೇಲೆ ಮತ್ತೆ ಮತ್ತೆ ಹೇಳಿತು. ಎರಡು ಸರ್ಕಾರಗಳ ನಡುವೆ ಹಣ ಹೀಗೆ ನಿಂತುಬಿಡಬಹುದಾದರೆ, ಕಾಲುವೆಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡವರ ಕೂಲಿ ತಡವಾದದ್ದಕ್ಕೆ ಉಪಗುತ್ತಿಗೆದಾರ ಒಬ್ಬನನ್ನೇ ಹಿಡಿದು ಪುರಾವೆ ಕೇಳುವುದು ಯಾವ ನ್ಯಾಯ?

ಸರ್ಕಾರ ತಡಮಾಡಿದರೆ ಅದಕ್ಕೂ ಕಾನೂನು ಇದೆಯಲ್ಲ ಎಂದಾರು. ಇದೆ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ ನೋಂದಾಯಿತ ಸಣ್ಣ ಪೂರೈಕೆದಾರನಿಗೆ ಒಪ್ಪಂದದಲ್ಲಿ ಏನೇ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮುಂದಿನ ಟೆಂಡರನ್ನು ಅದೇ ಕಚೇರಿಯಲ್ಲಿ ಹಾಕಬೇಕಾದವನು ಆ ಬಡ್ಡಿಯನ್ನು ಕೇಳಿ ಅರ್ಜಿ ಕೊಟ್ಟದ್ದನ್ನು ನನ್ನ ಲೆಕ್ಕ ಬರೆಯುವ ದಿನಗಳಲ್ಲಿ ನಾನು ಒಮ್ಮೆಯೂ ಕಾಣಲಿಲ್ಲ. ಅಡುಗೆಯ ಸಹಾಯಕಿಯ ಬಾಯಿ ಕಟ್ಟಿರುವ ಭಯವೇ ಅವನ ಬಾಯನ್ನೂ ಕಟ್ಟಿರುತ್ತದೆ.

ಹಾಗಾದರೆ ಈ ನಿಯಮದಡಿ ಉಳಿಯುವವರು ಯಾರು? ಮೂರು ನಾಲ್ಕು ತಿಂಗಳ ಕೂಲಿಯನ್ನು ಕೈಯಿಂದ ಹಾಕಬಲ್ಲ, ಹೊರಗಿನ ಊರಿನ ದೊಡ್ಡ ಏಜೆನ್ಸಿಗಳು. ಟೆಂಡರ್ ಪಾರದರ್ಶಕತೆಯ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಿಟ್ಟದ್ದು, 50 ಲಕ್ಷದ ಮಿತಿಯನ್ನು 2023ರಲ್ಲಿ ಒಂದು ಕೋಟಿಗೆ ಏರಿಸಿದ್ದು, ಬಂಡವಾಳವಿಲ್ಲದವರೂ ಈ ಕಸುಬಿಗೆ ಬರಲಿ ಎಂದು. ನಾಯಕನಹಟ್ಟಿ, ಜಗಳೂರು ಕಡೆಯಿಂದ ಬಂದು ಮೊದಲ ಸಲ ಲೈಸೆನ್ಸ್ ಮಾಡಿಸಿದವನು ಹೆಂಡತಿಯ ಒಡವೆ ಅಡವಿಟ್ಟು ಆಳುಗಳಿಗೆ ಕೊಟ್ಟಿರುತ್ತಾನೆ. ಅವನ ಬಿಲ್ಲಿಗೆ ಇನ್ನೊಂದು ಬೀಗ ಹಾಕಿದರೆ ಮೀಸಲಾತಿಯಿಂದ ತೆರೆದ ಬಾಗಿಲನ್ನೇ ಒಳಗಿನಿಂದ ಮುಚ್ಚಿದಂತೆ.

ಬೀಗವೆಂದರೆ ಕೀಲಿಯೂ ಇರುತ್ತದೆ, ಕೀಲಿ ಯಾರದೋ ಜೇಬಿನಲ್ಲಿರುತ್ತದೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಶೇ 40ರ ಕಮಿಷನ್ನಿನ ಆರೋಪ ಮಾಡಿದ್ದು ನಾಡಿಗೆಲ್ಲ ಗೊತ್ತು. ಆ ಆರೋಪ ಎಷ್ಟು ನಿಜ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಬಿಲ್ ಪಾಸ್ ಆಗುವ ದಾರಿಯಲ್ಲಿ ಪ್ರತಿ ಮೇಜೂ ಒಂದು ಸುಂಕದ ಕಟ್ಟೆ ಎಂಬ ನಂಬಿಕೆ ಆ ಕಸುಬಿನಲ್ಲಿ ಗಟ್ಟಿಯಾಗಿದೆ. ಪುರಾವೆ ಸಾಲದು, ಪಟ್ಟಿಯಲ್ಲಿ ಒಬ್ಬರ ಯುಎಎನ್ (ಭವಿಷ್ಯನಿಧಿಯ ಗುರುತಿನ) ಸಂಖ್ಯೆ ತಪ್ಪಿದೆ ಎಂದು ಕಡತವನ್ನು ಹಿಂದಕ್ಕೆ ಕಳಿಸುವ ಹೊಸ ಅಧಿಕಾರವನ್ನು ಇನ್ನೊಂದು ಮೇಜಿಗೆ ಕೊಟ್ಟರೆ, ಆ ಸುಂಕವೂ ಕೊನೆಗೆ ಕೂಲಿಯಿಂದಲೇ ಹೋಗುತ್ತದೆ.

ಪುರಾವೆಯ ಮಾತನ್ನೂ ಆಡಿಬಿಡಬೇಕು. ಬ್ಯಾಂಕ್ ಪಟ್ಟಿ ಸರಿಯಿರುತ್ತದೆ, ಪೂರ್ತಿ 13,087 ರೂಪಾಯಿ ಅವಳ ಖಾತೆಗೆ ಬಿದ್ದಿರುತ್ತದೆ. ಖಾತೆಯ ಎಟಿಎಂ ಕಾರ್ಡು ಮಾತ್ರ ಸೂಪರ್‌ವೈಸರನ ಬಳಿ ಇರುತ್ತದೆ. ಇಲ್ಲವೇ ಮರುದಿನ ಎರಡೂವರೆ ಸಾವಿರವನ್ನು ನಗದಾಗಿ ಮರಳಿಸಬೇಕೆಂಬ ಬಾಯಿಮಾತಿನ ಕರಾರು ಇರುತ್ತದೆ. ಗೋಡೆಗೆ ಅಂಟಿಸಿದ ಪಟ್ಟಿಯನ್ನು ಮಗಳು ಸರಿಯಾಗಿಯೇ ಓದುತ್ತಾಳೆ, ತಾಯಿ ಸುಮ್ಮನಿರುತ್ತಾಳೆ, ಏಕೆಂದರೆ ಹಣ ಎಷ್ಟು ಬಂತು, ಎಷ್ಟು ಹೋಯಿತು ಎಂದು ಅವಳಿಗೆ ಪಟ್ಟಿಗಿಂತ ಚೆನ್ನಾಗಿ ಗೊತ್ತು. ಕಾಗದವನ್ನು ಬಿಗಿಮಾಡಿದಷ್ಟೂ ಕಳ್ಳತನ ಕಾಗದದ ಆಚೆಗೆ ಸರಿಯುತ್ತದೆ. ಕಾಗದ ಸರಿಯಾಗಿರುವ ಕಳ್ಳನಿಗೆ ಬಿಲ್ ಬೇಗ ಸಿಗುತ್ತದೆ. ಕಾಗದ ಮಾಡಲು ಗುಮಾಸ್ತನಿಲ್ಲದ, ನಿಜವಾಗಿ ಕೂಲಿ ಕೊಟ್ಟ ಮೇಸ್ತ್ರಿ ಕಾಯುತ್ತಾ ಕೂರುತ್ತಾನೆ.

ಬೇರೆ ದಾರಿ ಇಲ್ಲವೆಂದಲ್ಲ. ಹಣ ಗುತ್ತಿಗೆದಾರನ ಕೈ ದಾಟಿ ಹೋಗಬೇಕೆಂಬ ಹಠವನ್ನೇ ಬಿಡಬಹುದು. ಪೌರಕಾರ್ಮಿಕರ ವಿಷಯದಲ್ಲಿ ರಾಜ್ಯ 2017ರಲ್ಲಿ ಮಾಡಿದ್ದು ಅದನ್ನೇ: ಕಸ ಗುಡಿಸುವವರನ್ನು ಗುತ್ತಿಗೆಯಿಂದ ಬಿಡಿಸಿ ನೇರ ಪಾವತಿಗೆ ತಂದಿತು, 2022ರ ಮುಷ್ಕರದ ಬೆನ್ನಿಗೆ 11,133 ಮಂದಿಯನ್ನು ಕಾಯಂ ಮಾಡುವ ತೀರ್ಮಾನವೂ ಆಯಿತು. ಆ ಸಲ ಕಸದ ಗಾಡಿಯ ಚಾಲಕರು, ಲೋಡರ್‌ಗಳು ಹೊರಗೆ ಉಳಿದರು ಎಂಬುದು ಬೇರೆ ನೋವು. ನೇರ ಪಾವತಿ ಎಂದರೆ ತಕ್ಷಣದ ಪಾವತಿ ಎಂದೂ ನಾನು ಹೇಳುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಕೂಲಿ ನೇರವಾಗಿ ಖಾತೆಗೇ ಬರುತ್ತಿತ್ತು, ಮಸ್ಟರ್ ರೋಲ್ (ಕೆಲಸದ ಹಾಜರಿ ಪಟ್ಟಿ) ಮುಗಿದ ಹದಿನಾರನೇ ದಿನದಿಂದ ದಿನಕ್ಕೆ ಶೇ 0.05ರಷ್ಟು ಪರಿಹಾರವನ್ನೂ ನಿಯಮ ಹೇಳುತ್ತಿತ್ತು; ಆದರೂ ಚಳ್ಳಕೆರೆ, ಮೊಳಕಾಲ್ಮುರು ಕಡೆ ಕೂಲಿ ಬರಲಿಲ್ಲವೆಂಬ ದೂರು ನಿಲ್ಲಲಿಲ್ಲ. ಆದರೆ ಅಲ್ಲಿ ಒಂದು ವಿಷಯ ಸ್ಪಷ್ಟವಿತ್ತು: ತಡಮಾಡಿದವರು ಯಾರು ಎಂಬ ಬಗ್ಗೆ ಅನುಮಾನವಿರಲಿಲ್ಲ.

ನೇರ ಪಾವತಿ ಆಗದ ಕಡೆ, ಬಿಲ್ಲನ್ನು ಎರಡಾಗಿ ಸೀಳಬಹುದು. ಕೂಲಿ ಮತ್ತು ವಂತಿಗೆಯ ಭಾಗವನ್ನು ಪ್ರತ್ಯೇಕ ಖಾತೆಗೆ, ಯಾವ ತಡೆಯೂ ಇಲ್ಲದೆ, ತಿಂಗಳ 5ರೊಳಗೆ ಬಿಡುಗಡೆ ಮಾಡಿ, ಆ ಖಾತೆಯಿಂದ ಆಳುಗಳ ಖಾತೆಗಲ್ಲದೆ ಬೇರೆಡೆಗೆ ಹಣ ಹೋಗದಂತೆ ಕಟ್ಟು ಹಾಕಬೇಕು. ತಡೆಹಿಡಿಯುವುದಿದ್ದರೆ ಸೇವಾ ಶುಲ್ಕವನ್ನು ತಡೆಹಿಡಿಯಲಿ, ಮೊದಲೇ ಇಟ್ಟುಕೊಂಡ ಭದ್ರತಾ ಠೇವಣಿಯನ್ನು ಮುಟ್ಟಲಿ. ಪರವಾನಗಿಗೆಂದು ಕಟ್ಟಿದ ಠೇವಣಿಯಿಂದ ಕೂಲಿ ಕೊಡಿಸುವ ಅವಕಾಶ ಹೊಸ ಸಂಹಿತೆಯಲ್ಲಿಯೂ ಇದೆ. ಹಾಗೆ ಮಾಡಿದರೆ ಶಿಕ್ಷೆ ತಪ್ಪು ಮಾಡಿದವನ ಜೇಬಿಗೆ ತಾಗುತ್ತದೆ, ಅಡುಗೆಮನೆಗೆ ತಾಗುವುದಿಲ್ಲ. ಇಡೀ ಬಿಲ್ಲನ್ನು ತಡೆಹಿಡಿಯುವುದು ಸುಲಭ, ಕಡತದ ಮೇಲೆ ಒಂದು ಸಾಲು ಬರೆದರೆ ಆಯಿತು. ಅದರ ಆಕರ್ಷಣೆ ಇರುವುದೇ ಅಲ್ಲಿ ಎಂಬ ಗುಮಾನಿ ನನ್ನದು.

ಕೊನೆಯದಾಗಿ ಗಂಟೆಗಳ ವಿಚಾರ. ಹಾಜರಿಯಲ್ಲಿ ಹೊತ್ತು ಬರೆಯಿಸಬೇಕೆಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಬರೆಯಿಸಿದರೆ ಮೊದಲು ಸಿಕ್ಕಿಬೀಳುವುದು ಇಲಾಖೆಯೇ. ಕಚೇರಿಯೊಂದಕ್ಕೋ ಆಸ್ಪತ್ರೆಗೋ ಹಗಲು ರಾತ್ರಿ ಒಂದು ಕಾವಲು ಬೇಕೆಂದು ಟೆಂಡರ್ ಕರೆಯುತ್ತಾರೆ. ವಾರಕ್ಕೆ 168 ಗಂಟೆ. ಒಬ್ಬ ಆಳು ಕಾನೂನಿನಂತೆ, ಓಟಿ ಇಲ್ಲದೆ, ವಾರಕ್ಕೆ ಹೆಚ್ಚೆಂದರೆ 48 ಗಂಟೆ ದುಡಿಯಬಹುದು. ಆ ಲೆಕ್ಕದಲ್ಲಿ ಆ ಒಂದು ಜಾಗಕ್ಕೆ ಮೂರೂವರೆ ಮಂದಿ ಬೇಕು. ಟೆಂಡರಿನ ಅಂದಾಜು ಪಟ್ಟಿಯಲ್ಲಿ ನಾನು ಕಂಡದ್ದು ಹೆಚ್ಚಿನ ಸಲ ಕಾವಲುಗಾರರು ಇಬ್ಬರು ಎಂದೇ. ಇಬ್ಬರಾದರೆ ತಲಾ 84 ಗಂಟೆ, ಅದರಲ್ಲಿ 36 ಗಂಟೆ ಹೆಚ್ಚುವರಿ, ಅದಕ್ಕೆ ದುಪ್ಪಟ್ಟು ಕೂಲಿ. ದರಪಟ್ಟಿಯಲ್ಲಿ ಓಟಿಗೆ ಕಾಲಮ್ಮೇ ಇರುವುದಿಲ್ಲ. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಇಬ್ಬರೂ ದಿನಕ್ಕೆ ಎಂಟೇ ಗಂಟೆ ದುಡಿದು, ವಾರಕ್ಕೊಂದು ರಜೆ ಪಡೆದು, ಉಳಿದ ಹೊತ್ತು ಆ ಕಟ್ಟಡವನ್ನು ದೇವರೇ ಕಾದಂತೆ ಬರೆದಿರುತ್ತದೆ. ಅಂದಾಜು ಪಟ್ಟಿಯಲ್ಲಿ ಇಬ್ಬರು ಎಂದು ಬರೆದವನು ಗುತ್ತಿಗೆದಾರನಲ್ಲ. ಆ ಅಂಕಿಯನ್ನು ತಿದ್ದದೆ ಬಿಲ್ಲಿನ ಜೊತೆ ಹಾಜರಿಯ ಪುರಾವೆ ತನ್ನಿ ಎಂದು ಕೇಳುವ ಅಧಿಕಾರಿ, ತಾನು ಮೊದಲೇ ನಿಗದಿ ಮಾಡಿದ ಸುಳ್ಳನ್ನು ಬೇರೆಯವರ ಸಹಿಯೊಂದಿಗೆ ವಾಪಸು ಕೇಳುತ್ತಿರುತ್ತಾನೆ.